ಎಲ್ಲ ಕಡತವೂ ಇದ್ದ ಕಚೇರಿ

ಮದುವೆ ನೋಂದಣಿ ಕಚೇರಿಗೆಂದು ಜುಬೇದಾ ಒಂದು ಪ್ರೋಗ್ರಾಂ ಬರೆದಳು. ಕೇಳಿದ ಕಡತ ಇದೆಯೋ ಇಲ್ಲವೋ ಎಂದು ಅದು ಮೊದಲು ಹುಡುಕುತ್ತಿತ್ತು. ಸಿಗದಿದ್ದರೆ ‘ಇಲ್ಲ’ ಎನ್ನುತ್ತಿತ್ತು. ಅಧಿಕಾರಿ ಚನ್ನಮಲ್ಲಯ್ಯನವರಿಗೆ ಮೈಯೆಲ್ಲ ಉರಿಯಿತು.

“ನನ್ನ ಕಚೇರಿಯಲ್ಲಿ ಇಲ್ಲ ಅನ್ನೋ ಮಾತೇ ಇರಕೂಡದು. ಮಧ್ಯಾಹ್ನದೊಳಗೆ ತೆಗಿ. ತಪ್ಪಿದರೆ ನಾಳೆಯಿಂದ ಬರಬೇಡ.”

ಕೆಲಸ ಹೋದರೆ ಮನೆ ನಡೆಯದು. ಜುಬೇದಾ ಆ ಹುಡುಕಾಟವನ್ನೇ ಕಿತ್ತುಹಾಕಿದಳು. ಏನು ಕೇಳಿದರೂ ಪರದೆ ‘ಇದೆ’ ಎನ್ನತೊಡಗಿತು. ಸಾಹೇಬರು ಮೀಸೆ ತಿರುವಿದರು.

“ಇದೊಂದು ನೋಡಿಬಿಡಿ ಸಾರ್” ಎಂದು ಅವಳು ಟೈಪಿಸಿದಳು: ‘ಚನ್ನಮಲ್ಲಯ್ಯನವರ ಎರಡನೇ ಮದುವೆ’.

‘ಇದೆ.’

ಸಾಹೇಬರು ಬೆವತುಹೋದರು. “ಅಂಥ ಮದುವೆಯೇ ಆಗಿಲ್ಲವಲ್ಲಮ್ಮ.”

“ನಂಗೊತ್ತು ಸಾರ್. ಅದಕ್ಕೆ ಗೊತ್ತಿಲ್ಲ.”

“ಮೊದಲು ಆ ‘ಇಲ್ಲ’ ವಾಪಸ್ ಹಾಕು ತಾಯಿ. ನನ್ನ ಹೆಂಡತಿ ಬುತ್ತಿ ತರೋ ಹೊತ್ತಾಯ್ತು.”