ಮುತ್ಯಾನ ಕಂಬಳಿ

ಒಂದು ಹೊಳೆ. ಹೊಳೆಯ ದಂಡೆಗೊಂದು ಕರಿಬಂಡೆ. ಬಂಡೆಯ ಮಗ್ಗುಲಲ್ಲಿ ಮಠ. ಮಠದಲ್ಲಿ ರೇವಣಜ್ಜನೆಂಬ ಗುರು, ಮೂವತ್ತು ಆಡು, ಮಾಳಿಂಗನೆಂಬ ಶಿಷ್ಯ.

ಮೂವತ್ತು ಆಡು ಒಟ್ಟಿಗೆ ಅರಚಿದರೂ ಮಾಳಿಂಗನ ಬಾಯಿಯೇ ಮೇಲು.

ಅವನ ಮುತ್ಯಾ, ತಂದೆಯ ತಂದೆ, ಏಳು ಹಳ್ಳಿಗೆ ಹೆಸರಾದ ಆಡು-ಕುರಿ ವೈದ್ಯ. ಸತ್ತು ಬಿದ್ದ ಹೋತಕ್ಕೂ ಆತನ ಕೈ ತಾಗಿದರೆ ಸಾಕು, ಎದ್ದು ಮೇಯಲು ಹೋಗುತ್ತಿತ್ತಂತೆ. ಹಾಗಂತ ಹೇಳುತ್ತಿದ್ದವನೂ ಮಾಳಿಂಗನೇ.

ಮುತ್ಯಾ ಸಾಯುವ ಮುಂಚೆ ತನ್ನ ಕರಿ ಕಂಬಳಿಯನ್ನು ಮೊಮ್ಮಗನ ಹೆಗಲಿಗೆ ಹಾಕಿದ್ದ. ಹಬ್ಬದ ದಿನ ಅದು ದೇವರ ಗದ್ದುಗೆ. ಉಳಿದ ದಿನ ಹಗಲು ಮಾಳಿಂಗನ ಹೆಗಲಿಗೆ, ರಾತ್ರಿ ದೊಡ್ಡಿಯಲ್ಲಿ ಮರಿಗಳ ಹಾಸಿಗೆಗೆ. ಅದನ್ನು ಒಗೆದವರಿಲ್ಲ. ಕಂಬಳಿಗೆ ಮೈಲಿಗೆಯಿಲ್ಲ ಅನ್ನುವುದು ಅವರ ಕುಲದ ಮಾತು.

ಬರುವ ಹುಣ್ಣಿಮೆಗೆ ಅಜ್ಜ ಅವನಿಗೆ ದೀಕ್ಷೆ ಕೊಡುವವನಿದ್ದ. ಮೂರು ವರ್ಷ ಕಾದು ಪಡೆದ ಹುಣ್ಣಿಮೆ ಅದು.

ಅಷ್ಟರಲ್ಲಿ ಆಡುಗಳಿಗೆ ತುರಿಕೆ ಹತ್ತಿತು. ಗೋಡೆಗೆ ಮೈ ಉಜ್ಜಿದವು, ಕಂಬಕ್ಕೆ ಉಜ್ಜಿದವು, ಒಂದಕ್ಕೊಂದು ಉಜ್ಜಿದವು. ಕಿವಿಯೊಳಗೆ, ತೊಡೆಸಂದಿಯಲ್ಲಿ, ಬಾಲದ ಬುಡದಲ್ಲಿ ಉಣ್ಣಿ. ರಕ್ತ ಕುಡಿದು ಔಡಲ ಬೀಜದಷ್ಟು ಊದಿದ್ದವು.

"ಇದೊಂದು ರೋಗ ಏನ್ರಿ ಅಜ್ಜಾರ?" ಮಾಳಿಂಗ ಮೀಸೆ ಮೇಲೆ ಕೈಯಾಡಿಸಿದ. "ಎಂಟು ದಿನ ಕೊಡ್ರಿ. ಆಮ್ಯಾಲ ಒಂದ ಒಂದು ಉಣ್ಣಿ ಸಿಕ್ಕರೂ, ದೀಕ್ಷಾನೂ ಬ್ಯಾಡ, ಏನೂ ಬ್ಯಾಡ. ಮಠ ಬಿಟ್ಟು ಹೋಗ್ತೀನಿ."

"ಹಂಗೆಲ್ಲ ಮಾತು ಕೊಡಬ್ಯಾಡೋ."

"ಕೊಟ್ಟಾತ್ರಿ!"

ಅಜ್ಜ ಎಂದಿನಂತೆ ಧ್ಯಾನಕ್ಕೆ ಬಂಡೆ ಹತ್ತಿ ಕೂತ.

ಮಾಳಿಂಗ ಕೆಲಸಗಳ್ಳನಲ್ಲ. ಸೀತಾಫಲದ ಬೀಜ ಅರೆದ. ಬೇವಿನೆಣ್ಣೆಯಲ್ಲಿ ಕಲಸಿದ. ಒಂದೊಂದೇ ಆಡನ್ನು ಹೊಳೆಗಿಳಿಸಿ ತೊಳೆದ, ಉಣ್ಣಿ ಕಿತ್ತ, ಲೇಪ ತಿಕ್ಕಿದ. ಥಂಡಿಯಾದೀತೆಂದು ಪ್ರತಿಯೊಂದನ್ನೂ ಮುತ್ಯಾನ ಕಂಬಳಿಯಲ್ಲಿ ಒರೆಸಿ, ಹೊದಿಸಿ, ಅಪ್ಪಿ ತಂದು ದೊಡ್ಡಿಗೆ ಬಿಟ್ಟ.

ಮೂರನೇ ದಿನ ಆಡುಗಳ ಮೈ ಫಳಫಳ.

"ಬಂದು ನೋಡ್ರಿ ಅಜ್ಜಾರ! ಮುತ್ಯಾನ ಕೈ ನನಗ ಬಂದೈತಿ!"

ಐದನೇ ದಿನ ಮತ್ತೆ ಉಣ್ಣಿ.

"ಗೋಡೀದ ತಪ್ಪು," ಅಂದ ಮಾಳಿಂಗ. ಗೋಡೆಯ ಬಿರುಕಿಗೆಲ್ಲ ಸುಣ್ಣ ಮೆತ್ತಿದ.

ಆರನೇ ದಿನ ಇನ್ನೂ ಹೆಚ್ಚು.

"ಹುಲ್ಲಗಾವಲಿನ ತಪ್ಪು." ದಾರಿ ಬದಲಿಸಿ ಬೇರೆ ಕಡೆ ಮೇಯಿಸಿಕೊಂಡು ಬಂದ.

ಏಳನೇ ದಿನಕ್ಕೆ ದೂರಲು ಆಡುಗಳಷ್ಟೇ ಉಳಿದಿದ್ದವು.

"ಇವು ಅಡ್ನಾಡಿ ಆಡು ಬಿಡ್ರಿ. ನಮ್ಮೂರ ಆಡಾಗಿದ್ರ..."

"ನಿನ್ನ ಕೊರಳಿಗೆ ಏನಾತೋ?" ಅಜ್ಜ ಕೇಳಿದ. "ಆಗಿಂದ ಕೆರ್ಕೊಳ್ಳಾಕತ್ತಿ."

"ಬೆವರಸಾಲಿ ಇರಬೇಕ್ರಿ." ಮಾಳಿಂಗ ಕಂಬಳಿಯನ್ನು ಆ ಹೆಗಲಿಂದ ಈ ಹೆಗಲಿಗೆ ಹಾಕಿಕೊಂಡ.

ಎಂಟನೇ ದಿನ ಬೆಳಿಗ್ಗೆ ಚುಕ್ಕಿ ಏಳಲಿಲ್ಲ.

ಚುಕ್ಕಿ ಅಂದರೆ ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಆಡು. ಎರಡು ಮರಿಯ ತಾಯಿ. ಮರಿಗಳು ಕೆಚ್ಚಲು ಗುದ್ದುತ್ತಿದ್ದವು, ಅದು ಮಲಗಿಯೇ ಇತ್ತು. ಮಾಳಿಂಗ ಅದರ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದ. ಕೆಂಪಗಿರಬೇಕಾದ್ದು ಗೋಡೆಯ ಸುಣ್ಣದ ಹಾಗಿತ್ತು. ಮೈಯ ರಕ್ತವೆಲ್ಲ ಉಣ್ಣಿಗಳ ಹೊಟ್ಟೆ ಸೇರಿತ್ತು.

ಅವನ ಬಾಯಿ ಮೊದಲ ಸಲ ಕಟ್ಟಿತು. ಚುಕ್ಕಿಗೆ ಕಂಬಳಿ ಹೊದಿಸಲು ಹೋದ.

"ಅದನ್ನ ಇತ್ಲಾಗ ಕೊಡು," ಬೆನ್ನ ಹಿಂದೆ ಅಜ್ಜನ ದನಿ.

"ಇದನ್ನೇನ್ರಿ? ಅಜ್ಜಾರ, ಇದು ದೇವರ ಗದ್ದಿಗಿ."

"ಅದಕ್ಕ ಕೇಳಾಕತ್ತೀನಿ."

ಅಜ್ಜ ಕಂಬಳಿಯನ್ನು ಬೇವಿನ ಮರದ ನೆರಳಲ್ಲಿ ಹಾಸಿದ. ಅದರ ಅಂಚಿಗೆ ಬೋರಲು ಮಲಗಿದ. ಎಂಬತ್ತು ವರ್ಷದ ಮುದುಕ, ಎಳೆಗೂಸಿನ ಹಾಗೆ ನೆಲಕ್ಕೆ ಗದ್ದ ಊರಿ, ಕಂಬಳಿಯ ಮೇಲೆ ಮೆಲ್ಲಗೆ ಉಸಿರು ಬಿಟ್ಟ.

ಹಾ...

"ಏನ್ ಮಾಡಾಕತ್ತೀರಿ?"

"ಕರೀಲಾಕತ್ತೀನಿ. ಬಾ, ಕೂಡು. ಮಾತಾಡಬ್ಯಾಡ."

ಮಾಳಿಂಗ ಕೂತ. ಹೊಳೆಯ ಸದ್ದು ಕೇಳಿತು. ಮೂರು ವರ್ಷದಲ್ಲಿ ಆ ಸದ್ದು ಅವನ ಕಿವಿಗೆ ಬಿದ್ದದ್ದು ಅವತ್ತೇ.

ಮೊದಲು ಏನೂ ಇಲ್ಲ. ಕರಿ ಎಳೆ, ಅದರ ಪಕ್ಕ ಕರಿ ಎಳೆ.

ಆಮೇಲೆ ಒಂದು ಎಳೆ ಅಲುಗಿತು.

ಸಾಸಿವೆಯ ಕಾಲು ಭಾಗವೂ ಇಲ್ಲದ ಒಂದು ಮರಿ ಉಣ್ಣಿ ನೂಲಿನ ತುದಿಗೆ ಹತ್ತಿ ನಿಂತಿತು. ಮುಂಗಾಲು ಎರಡನ್ನೂ ಮೇಲಕ್ಕೆತ್ತಿತು. ಅದರ ಹಿಂದೆ ಇನ್ನೊಂದು. ಅದರ ಹಿಂದೆ ಹತ್ತು. ನೋಡನೋಡುತ್ತ ಕಂಬಳಿಯ ಅಂಚೆಲ್ಲ ಎದ್ದಿತು. ಸಾವಿರ, ಎರಡು ಸಾವಿರ, ಲೆಕ್ಕವಿಲ್ಲ. ಎಲ್ಲವೂ ಮುಂಗಾಲೆತ್ತಿ ಮುದುಕನ ಉಸಿರಿಗೆ ಕೈ ಮುಗಿದಂತೆ ನಿಂತಿದ್ದವು.



ಅಜ್ಜ ಎದ್ದು ಆ ಕಡೆಯ ಅಂಚಿಗೆ ಹೋಗಿ ಮಲಗಿದ. ಹಾ... ಅಂದ. ಕಂಬಳಿ ಹೊರಳಿತು. ಗಾಳಿ ತಿರುಗಿದಾಗ ಜೋಳದ ಹೊಲ ತಿರುಗುತ್ತದಲ್ಲ, ಹಾಗೆ ಆ ಸಾವಿರವೂ ಒಟ್ಟಿಗೆ ಆ ಕಡೆ ತಿರುಗಿದವು.

"ಕಣ್ಣು ನೆಟ್ಟಗಿಲ್ಲ, ಕಿವಿ ಇಲ್ಲ," ಅಜ್ಜ ಪಿಸುಗುಟ್ಟಿದ. "ಹುಟ್ಟಿದಾಗಿಂದ ಉಪವಾಸ. ಒಂದು ಉಸಿರು ಬರತೈತಿ ಅಂತ ಕಾಯ್ತಾವ. ತಿಂಗಳುಗಟ್ಟಲೆ ಕಾಯ್ತಾವ. ನಾ ಈ ಬಂಡೆ ಮ್ಯಾಲ ಅರವತ್ತು ವರ್ಷ ಕುಂತೀನಿ ಮಾಳಿಂಗಾ. ಇಷ್ಟು ಕಾಯಾಕ ನನಗೂ ಬಂದಿಲ್ಲ."

ಕೊಂದು ಹಾಕಬೇಕಾದ ಹುಳಗಳ ಎದುರು ಮಾಳಿಂಗನ ಕೈಗಳು ತಾವಾಗಿಯೇ ಜೋಡಿಕೊಂಡಿದ್ದವು.

ಮರುಕ್ಷಣ ಚುಕ್ಕಿಯ ನೆನಪಾಯಿತು. ತೊಳೆದ ಒಂದೊಂದು ಆಡನ್ನೂ ತಾನು ಇದರಲ್ಲೇ ಒರೆಸಿದ್ದು, ಇದರಲ್ಲೇ ಅಪ್ಪಿ ತಂದದ್ದು ನೆನಪಾಯಿತು. ಕೊರಳು ಮುಟ್ಟಿಕೊಂಡ. ಬೆರಳಿಗೆ ಒಂದು ಸಿಕ್ಕಿತು.

"ನಿಮಗ ಗೊತ್ತಿತ್ತೇನ್ರಿ?"

"ನಿನ್ನೆ ಗೊತ್ತಾತು, ನಿನ್ನ ಕೊರಳು ನೋಡಿ. ಹೇಳಾಕ ಬಂದೆ. ನೀ ಬೆವರಸಾಲಿ ಅಂದು ಕಂಬಳಿ ಹೆಗಲು ಬದಲಿಸಿದಿ."

ಮಾಳಿಂಗ ಒಲೆಯ ಕಡೆ ಓಡಿ ಉರಿಯುವ ಕೊಳ್ಳಿ ತಂದ. "ಸುಟ್ಟು ಬಿಡ್ತೀನ್ರಿ ಇದನ್ನ!"

"ಕಂಬಳಿ ಏನ್ ಮಾಡೇತಿ?" ಅಜ್ಜ ಕೊಳ್ಳಿ ಕಸಿದುಕೊಂಡ. "ನಿಮ್ಮ ಮುತ್ಯಾ ದಿನಾ ಇದನ್ನ ಬಿಸಿಲಿಗೆ ಹಾಕ್ತಿದ್ದ. ನಾ ಕಣ್ಣಾರೆ ಕಂಡೀನಿ. ನಿನಗ ಕಂಬಳಿ ಕೊಟ್ಟ. ಬಿಸಿಲು ಕೊಡೋದು ಮರ್ತ."

ಇಬ್ಬರೂ ಕಂಬಳಿಯನ್ನು ಕೋಲಿನಿಂದೆತ್ತಿ ಕರಿಬಂಡೆಯ ಮೇಲೆ ಹರವಿದರು. ನಡುಹಗಲು. ಬಂಡೆ ಕಾದ ಹೆಂಚಾಗಿತ್ತು. ದೊಡ್ಡಿಯ ಆಡುಗಳನ್ನೆಲ್ಲ ಹೊಳೆಯ ಹೊಸ ಮರಳಿಗೆ ಸಾಗಿಸಿದರು. ಮಾಳಿಂಗ ಮತ್ತೆ ಮೊದಲಿನಿಂದ ಶುರು ಮಾಡಿದ: ತೊಳೆದ, ಕಿತ್ತ, ತಿಕ್ಕಿದ. ಈ ಸಲ ಬಿಸಿಲಲ್ಲೇ ಒಣಗಿಸಿದ. ಚುಕ್ಕಿಯ ಬಾಯಿಗೆ ಬೆಲ್ಲದ ಗಂಜಿಯನ್ನು ಗುಟುಕು ಗುಟುಕಾಗಿ ಬಿಟ್ಟ.

ಹೊತ್ತು ಇಳಿಯುವಾಗ ಚುಕ್ಕಿ ತಲೆ ಎತ್ತಿತು. ಅಜ್ಜನ ಕೈಯಲ್ಲಿದ್ದ ಜಾಲಿಕಾಯಿಯನ್ನು ಮೂಸಿತು. ಕಚ್ಚಿತು. ಕಟಕ್ ಅಂತು.

ಆ ಸದ್ದು ಕೇಳಿ ಮಾಳಿಂಗ ಹೊಳೆಗೆ ಮುಖ ಮಾಡಿ ಅತ್ತ.

ಆಮೇಲೆ ಕೈಕಾಲು ತೊಳೆದುಕೊಂಡ. ತನ್ನ ಕೋಲು ತಗೊಂಡ. ಅಜ್ಜನ ಪಾದಕ್ಕೆ ಹಣೆ ಹಚ್ಚಿದ.

"ಎಂಟು ದಿನ ಮುಗದ್ವು ಅಜ್ಜಾರ. ಮಾತು ಕೊಟ್ಟಿದ್ದೆ. ಹೋಗಿ ಬರ್ತೀನಿ."

"ಹೋಗು."

ಮಾಳಿಂಗ ನಾಲ್ಕು ಹೆಜ್ಜೆ ಹೋದ. ಹೆಗಲು ಬರಿದಾಗಿತ್ತು. ತಿರುಗಿ ಬಂಡೆಯ ಕಡೆ ನೋಡಿದ.

"ಮುತ್ಯಾನ ಕಂಬಳಿ?"

"ಇನ್ನೂ ಆಗಿಲ್ಲ," ಅಂದ ಅಜ್ಜ, ಚುಕ್ಕಿಯ ಬಾಯಿಗೆ ಜಾಲಿಕಾಯಿ ಹಿಡಿದ ಕೈ ಹಿಂದಕ್ಕೆ ತೆಗೆಯದೆ. "ಅದಕ್ಕ ಏಳು ಬಿಸಿಲು ಬೇಕು. ನಿನಗ ಎಷ್ಟು ಬೇಕೋ ನನಗ ಗೊತ್ತಿಲ್ಲ. ಹೋಗಿ ಅದರ ಮಗ್ಗಲಾಗ ಕೂಡು."