ಆಮೆ ತಂದ ಕಾಗದ

ಹೊಳೆಯಾಚೆಯ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ ಅಳಿಲು ಉತ್ತರಕ್ಕೆ ಕಾಯುತ್ತಿತ್ತು. ಅಂಚೆಯ ಆಮೆ ಕಾಗದವನ್ನು ಕೊರಳಿಗೆ ಕಟ್ಟಿಕೊಂಡು ಮರದ ಬುಡಕ್ಕೆ ಬಂದದ್ದೇ ತಡ, ಅಳಿಲು ಜಿಗಿದು ಅದರ ಚಿಪ್ಪು ಬಡಿಯಿತು.

"ಸೀಟು ಸಿಕ್ಕಿದೆಯೋ ಇಲ್ಲವೋ, ಹೇಳಿ."

ಬೆಚ್ಚಿದ ಆಮೆ ಕಾಗದದ ಸಮೇತ ತಲೆಯನ್ನು ಒಳಗೆಳೆದುಕೊಂಡು, "ತುಸು ತಾಳಿ" ಎಂದಿತು.

ಅಳಿಲು ತಾಳಲಿಲ್ಲ. ಆಮೆಯ ಮೂಗು ಹೊರಗೆ ಕಂಡಾಗಲೆಲ್ಲ ಮತ್ತೆ ಬಡಿದು ಅದನ್ನೇ ಕೇಳಿತು. ಮೂಗು ಮತ್ತೆ ಒಳಗೆ ಹೋಯಿತು.

ಇಪ್ಪತ್ತನೇ ತಾರೀಖು ಮಧ್ಯಾಹ್ನ ಅಳಿಲು ಕೈ ಸೋತು ನಿದ್ದೆಹೋಯಿತು. ಎಚ್ಚರವಾದಾಗ ಕಾಗದ ಎದುರಿಗಿತ್ತು: "ಸೀಟು ಕೊಟ್ಟಿದ್ದೇವೆ. ಹತ್ತನೇ ತಾರೀಖಿನೊಳಗೆ ಬಂದು ಸೇರಿಕೊಳ್ಳಿ."

"ಇಷ್ಟು ತಡವಾಗಿ ತಂದಿರಲ್ಲ," ಎಂದಿತು ಅಳಿಲು.

"ನಾನು ಬಂದದ್ದು ಒಂದನೇ ತಾರೀಖು," ಎಂದಿತು ಆಮೆ. "ನೀವು ಕೈ ತೆಗೆದದ್ದು ಇವತ್ತು."