ದುಗ್ಗಕ್ಕನ ಮೂರು ಕರಟ

ಬನ್ನಿ, ಹತ್ತಿರ ಬಂದು ಕೂತ್ಕೊಳ್ಳಿ. ಮಕ್ಕಳು ಮುಂದೆ, ದೊಡ್ಡವರು ಹಿಂದೆ. ಈ ಕಥೆ ಇಬ್ಬರಿಗೂ ಬೇಕಾದದ್ದು.

ಕಡಲ ದಂಡೆಯಲ್ಲಿ ಕೆಂಬರೆ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಗದ್ದೆ ಕಮ್ಮಿ. ಇದ್ದದ್ದೆಲ್ಲ ಕೆಂಪು ಮುರಕಲ್ಲಿನ ಗುಡ್ಡ, ಗುಡ್ಡದ ತುಂಬ ಗೇರುಮರ. ಬೇಸಿಗೆ ಬಂತು ಅಂದರೆ ಮರದ ಬುಡದಲ್ಲೆಲ್ಲ ಕೆಂಪು ಹಣ್ಣು, ಹಳದಿ ಹಣ್ಣು. ಗಾಳಿ ಬೀಸಿದರೆ ಸಾಕು, ಕಡಲಲ್ಲಿ ದೋಣಿ ನಡೆಸುವವನಿಗೂ ಅದರ ಪರಿಮಳ.

ಆ ಗುಡ್ಡದ ಜನ ಗೇರುಹಣ್ಣಿನಿಂದ ಮನೆಯಲ್ಲೇ ಸಾರಾಯಿ ಇಳಿಸುತ್ತಿದ್ದರು. ಕದ್ದುಮುಚ್ಚಿ ಅಲ್ಲ. ಹಾಡುಹಗಲಲ್ಲಿ, ಅಂಗಳದ ನಡುವೆ, ತಲೆ ಎತ್ತಿಕೊಂಡು. ಯಾಕೆ ಅಂದರೆ ಅದಕ್ಕೊಂದು ಕಟ್ಟಳೆ ಇತ್ತು. ಆಗಿನ ರಾಜನ ಅಜ್ಜ ಗುಡ್ಡದ ಹಿರಿಯರನ್ನೆಲ್ಲ ಕೂರಿಸಿಕೊಂಡು, ಅವರ ಮಾತು ಕೇಳಿ ಮಾಡಿದ ಕಟ್ಟಳೆ. ಮನೆಗೆ ವರ್ಷಕ್ಕೆ ಒಂದೇ ಮಡಕೆ, ಇದು ಒಂದು. ಭಟ್ಟಿಯಿಂದ ಮೊದಲು ಇಳಿದ ಒಂದು ಕರಟದಷ್ಟು ವಿಷ, ಅದನ್ನು ಮಣ್ಣಿಗೆ ಚೆಲ್ಲಬೇಕು, ಯಾರ ಬಾಯಿಗೂ ಹಾಕಬಾರದು, ಇದು ಎರಡು. ಮದುವೆಗೆ ಬಡಿಸಬಹುದು, ಬಂದ ನೆಂಟರಿಗೆ ಕೊಡಬಹುದು, ಚಳಿ ಹಿಡಿದವರ ಅಂಗಾಲಿಗೆ ತಿಕ್ಕಬಹುದು. ಆದರೆ ಮಾರಬಾರದು. ಇದು ಮೂರು.

ಆ ಗುಡ್ಡದ ತುದಿಯ ಮನೆಯಲ್ಲಿ ದುಗ್ಗಕ್ಕ ಅಂತ ಒಬ್ಬಳು ಹೆಂಗಸು ಇದ್ದಳು. ಗಂಡ ಜಟ್ಟಪ್ಪ. ದುಗ್ಗಕ್ಕನ ಕೈ ಅಂದರೆ ಕೈ. ಮರದಿಂದ ಕಿತ್ತ ಹಣ್ಣು ಅವಳಿಗೆ ಆಗದು. ತಾನಾಗಿ ಬಿದ್ದದ್ದೇ ಆಗಬೇಕು. ಬೀಜ ತಿರುವಿ ತೆಗೆದು, ಹಣ್ಣನ್ನು ಕಲ್ಲುಮರಿಗೆಯಲ್ಲಿ ಹಾಕಿ ತುಳಿದು, ರಸವನ್ನು ಮಡಕೆಗೆ ತುಂಬಿ, ಮಡಕೆಯನ್ನು ಕತ್ತಿನವರೆಗೆ ಮಣ್ಣಲ್ಲಿ ಹೂಳುತ್ತಿದ್ದಳು. ಮೂರು ದಿನ ಕಳೆದ ಮೇಲೆ ಮಡಕೆಗೆ ಕಿವಿ ಇಡುತ್ತಿದ್ದಳು. ಒಳಗೆ ನೊರೆಯ ಸದ್ದು ನಿಂತಿದ್ದರೆ, "ಹದ ಬಂತು, ಒಲೆ ಹಚ್ಚಿ" ಅನ್ನುತ್ತಿದ್ದಳು. ಬಿದಿರ ಕೊಳವೆಯಿಂದ ಮೊದಲ ಕರಟ ತುಂಬಿದ ಕೂಡಲೇ ಅದನ್ನು ದೂರ ಒಯ್ದು ಮಣ್ಣಿಗೆ ಚೆಲ್ಲಿ ಬರುತ್ತಿದ್ದಳು. ಆಮೇಲೆ ಇಳಿದದ್ದು ನೋಡಬೇಕು! ಕಣ್ಣೀರಿನ ಹಾಗೆ ತಿಳಿ. ಮೂಗಿನ ಹತ್ತಿರ ತಂದರೆ ಇಡೀ ಗುಡ್ಡದ ಬೇಸಿಗೆ ಒಂದು ಹನಿಯಲ್ಲಿ.

"ನನ್ನ ಅಜ್ಜಿ ಇಳಿಸಿದ್ದು ಕುಡಿದು ಒಬ್ಬನೂ ಜಗಳ ಆಡಿಲ್ಲ, ಒಬ್ಬನೂ ಹಾಸಿಗೆ ಹಿಡಿದಿಲ್ಲ. ನಾನು ಇಳಿಸಿದ್ದೂ ಹಾಗೇ ಇರಬೇಕು" ಅನ್ನುತ್ತಿದ್ದಳು ದುಗ್ಗಕ್ಕ. ಅವಳಿಗೆ ಅದೇ ಬಂಗಾರ, ಅದೇ ಒಡವೆ.

ಹೀಗಿರುವಾಗ ಮುದುಕ ರಾಜ ತೀರಿಹೋದ. ಅವನ ಮಗ ಪಟ್ಟಕ್ಕೆ ಬಂದ. ಹುಡುಗ ಒಳ್ಳೆಯವನೇ, ಆದರೆ ಒಂದು ದಿನವೂ ಗುಡ್ಡ ಹತ್ತಿದವನಲ್ಲ. ಗುಡ್ಡದ ಉಸ್ತುವಾರಿಗೆ ಮುಕುಂದರಾಯ ಅನ್ನುವವನನ್ನು ಪಾರುಪತ್ಯಗಾರನನ್ನಾಗಿ ನೇಮಿಸಿದ. ತಲೆಗೆ ಕೆಂಪು ರುಮಾಲು, ಬೆರಳಿಗೆ ಮುದ್ರೆಯುಂಗುರ, ಕುದುರೆಯ ಮೇಲೆ ಸವಾರಿ.

ಮೊದಲನೆಯ ಬೇಸಿಗೆಗೆ ಮುಕುಂದರಾಯ ಗುಡ್ಡಕ್ಕೆ ಬಂದ.

"ಇನ್ನು ಮುದ್ರೆ ಇಲ್ಲದೆ ಭಟ್ಟಿ ಇಡೋ ಹಾಗಿಲ್ಲ. ಮುದ್ರೆ ಬೇಕಾದರೆ ಅರ್ಧ ಮಡಕೆ ಇಲ್ಲಿಡಿ" ಅಂದ.

ಜನ ಮುಖ ಮುಖ ನೋಡಿಕೊಂಡರು. ಅರಮನೆಯ ಮಾತು ಅಂದುಕೊಂಡು ಕೊಟ್ಟರು.

ಎರಡನೆಯ ಬೇಸಿಗೆಗೆ ಮತ್ತೆ ಬಂದ.

"ಈ ವರ್ಷ ಮಡಕೆ ಪೂರ್ತಿ ಇಡಿ" ಅಂದ.

ಜನ ಹಲ್ಲು ಕಚ್ಚಿಕೊಂಡರು. ಅರಮನೆಯ ಮಾತು ಅಂದುಕೊಂಡು ಕೊಟ್ಟರು.

ಆ ಸಾರಾಯಿ ಅರಮನೆಗೆ ಹೋಗಲಿಲ್ಲ. ಪೇಟೆಯಲ್ಲಿ ಮುಕುಂದರಾಯನದೇ ಒಂದು ಉಗ್ರಾಣ ಇತ್ತು, ಅಲ್ಲಿಗೆ ಹೋಯಿತು. ಅದು ಸಾಲದೆ ಅವನೇ ನೂರು ಭಟ್ಟಿ ಹೂಡಿದ. ಆಳುಗಳು ಮರ ಅಲ್ಲಾಡಿಸಿ ಕಾಯಿ, ಹಣ್ಣು, ಎಲೆ ಎಲ್ಲ ಬಾಚಿ ತಂದರು. "ಮೊದಲ ಕರಟ ಚೆಲ್ಲೋದಾ ರಾಯರೇ?" ಅಂತ ಆಳು ಕೇಳಿದರೆ, "ಚೆಲ್ಲೋಕೆ ನಿಮ್ಮಪ್ಪನ ಗಂಟಾ? ಸುರಿ ಒಳಗೆ" ಅಂದ. ಅಮಲು ಏರಲಿ ಅಂತ ನವಸಾಗರದ ಉಪ್ಪು ಬೆರೆಸಿದ. ಜಾಡಿಗೆ ತುಂಬಿ, ಅರಗು ಹಾಕಿ, ತನ್ನ ಉಂಗುರದ ಮುದ್ರೆ ಒತ್ತಿ ಪೇಟೆಯಲ್ಲಿ ಮಾರಿದ. ತಾನು ಮಾತ್ರ ಒಂದು ಹನಿ ಮುಟ್ಟಲಿಲ್ಲ.

ಪೇಟೆಯಲ್ಲಿ ಸಂಕಯ್ಯ ಅಂತ ಒಬ್ಬ ಕುಂಬಾರ ಇದ್ದ. ದುಗ್ಗಕ್ಕನ ಭಟ್ಟಿಯ ಮಡಕೆಗಳೆಲ್ಲ ಅವನ ಕೈಯವೇ. ಅವನ ಮಗಳ ಮದುವೆ ಗೊತ್ತಾಯಿತು. ಬೀಗರಿಗೆ ಬಡಿಸೋಣ ಅಂತ ಮುದ್ರೆಯ ಜಾಡಿ ಎರಡು ತಂದ. ಒಂದನ್ನು ಬಿಚ್ಚಿ, ಹೇಗಿದೆ ನೋಡೋಣ ಅಂತ ತಾನೇ ಕುಡಿದ. ಬೆಳಗಾಗೋದರೊಳಗೆ ಕಣ್ಣಿಗೆ ಮಂಜು ಕವಿಯಿತು. ಮೂರನೆಯ ದಿನ ಮಗಳ ಮುಖವೂ ಕಾಣಲಿಲ್ಲ.

ಪೇಟೆಯಲ್ಲಿ ಗುಲ್ಲೆದ್ದಿತು. ಮುಕುಂದರಾಯ ಕುಂಬಾರನ ಮನೆಗೆ ಓಡಿ ಬಂದು ಕಿವಿಯಲ್ಲಿ, "ಗುಡ್ಡದವರು ಕೊಟ್ಟದ್ದು ಕುಡಿದೆ ಅಂತ ಹೇಳು. ಇಲ್ಲದಿದ್ದರೆ ನಿನ್ನ ಮಗಳ ಮದುವೆ ಹೇಗೆ ಆಗುತ್ತೆ ನೋಡ್ತೀನಿ" ಅಂದ. ಅಲ್ಲಿಂದ ನೇರ ಅರಮನೆಗೆ ಹೋಗಿ ಕೈಮುಗಿದ.

"ಮಹಾಸ್ವಾಮಿ, ಗುಡ್ಡದವರ ಸಾರಾಯಿ ವಿಷ. ಓದು ಬರಹ ಇಲ್ಲದವರು, ಅವರಿಗೇನು ಗೊತ್ತು? ಪ್ರಜೆಗಳ ಕಣ್ಣು ಉಳಿಯಬೇಕಾದರೆ ಮನೆಮನೆಯ ಭಟ್ಟಿ ಒಡೆಸಬೇಕು."

ಹುಡುಗ ರಾಜ ಹೆದರಿದ. ಆಗಲಿ ಅಂದುಬಿಟ್ಟ.

ಮೂರನೆಯ ಬೇಸಿಗೆಗೆ ಮುಕುಂದರಾಯ ಗುಡ್ಡಕ್ಕೆ ಬಂದಾಗ ಹಿಂದೆ ಇಪ್ಪತ್ತು ಸಿಪಾಯಿಗಳು. ಕೈಯಲ್ಲಿ ಒನಕೆ. ಮನೆಮನೆಯ ಮಡಕೆ ಒಡೆಯುತ್ತಾ, ಕೊಳವೆ ಮುರಿಯುತ್ತಾ ಬಂದರು. ದುಗ್ಗಕ್ಕನ ಅಂಗಳಕ್ಕೂ ಬಂದರು. ಜಟ್ಟಪ್ಪ ಮಡಕೆಗೆ ಅಡ್ಡ ನಿಂತ.

"ರಾಯರೇ, ನಮ್ಮ ತಪ್ಪು ಏನು ಅಂತ ಹೇಳಿ ಒಡೆಯಿರಿ."

"ಅರಮನೆಗೆ ಎದುರಾಡ್ತೀಯಾ?"

ಮಡಕೆ ಒಡೆಯಿತು. ಜಟ್ಟಪ್ಪನ ಕೈಗೆ ಹಗ್ಗ ಬಿತ್ತು. ಕೋಟೆಯ ಸೆರೆಮನೆಗೆ ಅವನನ್ನು ಎಳೆದುಕೊಂಡು ಹೋದರು.

ದುಗ್ಗಕ್ಕ ಅಳಲಿಲ್ಲ. ಅಂಗಳದ ಚೂರುಗಳನ್ನು ಗುಡಿಸಿ ಒಂದು ಮೂಲೆಗೆ ಹಾಕಿದಳು. ಅವಳು ಆ ವರ್ಷದ್ದು ಆಗಲೇ ಇಳಿಸಿ ಅಟ್ಟದ ಮೇಲೆ ಇಟ್ಟಿದ್ದಳು, ಅದು ಸಿಪಾಯಿಗಳ ಕಣ್ಣಿಗೆ ಬಿದ್ದಿರಲಿಲ್ಲ. ಅದರಲ್ಲಿ ಒಂದು ಬಿದಿರಂಡೆ ತುಂಬಿಕೊಂಡಳು. ಪಕ್ಕದ ಮನೆಯವರದು ಇನ್ನೊಂದು ಅಂಡೆ ಇಸಿದುಕೊಂಡಳು. ಸೆರಗು ಬಿಗಿದು ಪೇಟೆಯ ದಾರಿ ಹಿಡಿದಳು.

ಮೊದಲು ಹೋದದ್ದು ಕುಂಬಾರ ಸಂಕಯ್ಯನ ಮನೆಗೆ. ಹೆಜ್ಜೆ ಸದ್ದಿಗೇ ಅವನು ಗುರುತು ಹಿಡಿದ.

"ದುಗ್ಗಕ್ಕಾ, ನಿನಗೆ ಮುಖ ಹೇಗೆ ತೋರಿಸಲಿ? ನಿಮ್ಮ ಹೆಸರು ಹೇಳಿಬಿಟ್ಟೆ."

"ಅದಿರಲಿ ಸಂಕಯ್ಯ. ಕುಡಿದದ್ದು ಯಾವುದು?"

"ಮುದ್ರೆಯ ಜಾಡಿದು. ಇನ್ನೊಂದು ಜಾಡಿ ಹಾಗೇ ಇದೆ, ಬಿಚ್ಚಿಲ್ಲ. ಆ ಮೂಲೆಯಲ್ಲಿ ನೋಡು."

ದುಗ್ಗಕ್ಕ ಜಾಡಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು. ಅರಗು ಒಡೆದಿಲ್ಲ. ಇದನ್ನು ಹಾಗೇ ರಾಜನ ಮುಂದೆ ಇಟ್ಟರೆ, ಗುಡ್ಡದವರು ಕಳ್ಳಮುದ್ರೆ ಒತ್ತಿ ತಂದಿದ್ದಾರೆ ಅಂತ ಮುಕುಂದರಾಯ ನುಣುಚಿಕೊಳ್ಳುತ್ತಾನೆ. ಅವನ ಬಾಯಿಂದಲೇ ಮಾತು ಹೊರಡಬೇಕು. ಜಾಡಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಅರಮನೆಗೆ ನಡೆದಳು.

ಮುಂಬಾಗಿಲಲ್ಲಿ ಬಿಡಲಿಲ್ಲ. ಪಕ್ಕದ ಬಾಗಿಲಲ್ಲೂ ಬಿಡಲಿಲ್ಲ. ಹಿತ್ತಲ ಬಾಗಿಲಿಗೆ ಹೋದಳು. ಹೆಂಗಸರ ದೂರು ಕೇಳೋದು ರಾಜನ ತಾಯಿಯ ಕೆಲಸ. ಆಕೆ ಅಲ್ಲಿ ಕೂತಿದ್ದರು. ದುಗ್ಗಕ್ಕ ನಡೆದದ್ದನ್ನೆಲ್ಲ ಹೇಳಿದಳು. ಅಮ್ಮನವರು ಜಾಡಿಯ ಅರಗನ್ನು ಬೆಳಕಿಗೆ ಹಿಡಿದು ನೋಡಿದರು, ಉಗುರಿನಿಂದ ಮುದ್ರೆ ಸವರಿದರು, ತಾವೇ ಒಡೆದರು.

"ಈಗ ಏನು ಮಾಡಬೇಕು ಅಂತೀಯ?"

"ಮೂರು ಕರಟ ಬೇಕು ಅಮ್ಮಾ. ನೀವೇ ಬಗ್ಗಿಸಬೇಕು. ಯಾವುದರಲ್ಲಿ ಯಾವುದು ಅಂತ ನಿಮಗೆ, ನನಗೆ ಮಾತ್ರ ಗೊತ್ತಿರಬೇಕು."

ಮಾರನೆಯ ದಿನ ತುಂಬಿದ ಸಭೆ. ರಾಜ ಸಿಂಹಾಸನದಲ್ಲಿ, ಪಕ್ಕದಲ್ಲಿ ತಾಯಿ. ಕೆಳಗೆ ಮುಕುಂದರಾಯ, ಎದುರಿಗೆ ದುಗ್ಗಕ್ಕ. ನಡುವೆ ಮಣೆಯ ಮೇಲೆ ಮೂರು ಕರಟ.

"ಒಡೆಯಾ, ನಮ್ಮ ಸಾರಾಯಿ ವಿಷ ಅಂತ ರಾಯರು ಹೇಳಿದರಂತೆ. ಕುಂಬಾರನ ಕಣ್ಣು ತೆಗೆದ ಸಾರಾಯಿ ಈ ಮೂರರಲ್ಲಿ ಒಂದರಲ್ಲಿ ಇದೆ. ಯಾವುದು ಅಂತ ರಾಯರೇ ತೋರಿಸಲಿ. ನಾನು ಸೋತರೆ ನನ್ನನ್ನೂ ಗಂಡನ ಪಕ್ಕದಲ್ಲೇ ಕೂಡಿಹಾಕಿ" ಅಂದಳು ದುಗ್ಗಕ್ಕ.

ಮುಕುಂದರಾಯ ಮೀಸೆಯಲ್ಲೇ ನಕ್ಕ. ಇಷ್ಟೇನಾ ಅಂದುಕೊಂಡ. ಮೊದಲ ಕರಟ ಮೂಸಿದ. ಹಣ್ಣಿನ ಪರಿಮಳ. ಎರಡನೆಯ ಕರಟ ಮೂಸಿದ. ಹಣ್ಣಿನ ಪರಿಮಳ. ಮೂರನೆಯದು ಮೂಸಿದ. ಮೂಗು ಸುಟ್ಟ ಹಾಗಾಯಿತು, ಕಣ್ಣಲ್ಲಿ ನೀರು ಬಂತು.

"ಇದೇ ಮಹಾಸ್ವಾಮಿ! ಇದೇ ವಿಷ!"

"ಖಂಡಿತವಾಗಿಯೂ?" ರಾಜ ಕೇಳಿದ.

"ಖಂಡಿತ. ಇದರಲ್ಲಿ ಮೊದಲ ಕರಟ ಬೆರೆಸಿದ್ದಾರೆ, ನವಸಾಗರ ಹಾಕಿದ್ದಾರೆ."

"ಇನ್ನೊಮ್ಮೆ ಯೋಚನೆ ಮಾಡಿ ಹೇಳಿ."

"ಯೋಚನೆ ಏನೂ ಬೇಡ. ಇದನ್ನು ಮಾಡಿದವನು ಪಾಪಿ. ಕೊಲೆಗಾರ."

"ಮೂರನೆಯ ಸಲ ಕೇಳ್ತೀನಿ. ಮಾಡಿದವನಿಗೆ ಏನು ಶಿಕ್ಷೆ ಕೊಡೋಣ?"

"ಅವನ ಮನೆ ಮಾರು ಕಿತ್ತುಕೊಳ್ಳಿ ಮಹಾಸ್ವಾಮಿ. ಕಣ್ಣು ಕಳೆದುಕೊಂಡವನ ಮನೆಯಲ್ಲಿ ಸಾಯೋವರೆಗೂ ಜೀತ ಮಾಡಲಿ!"

ಆಗ ರಾಜನ ತಾಯಿ ಸೆರಗಿನ ಮರೆಯಿಂದ ಜಾಡಿ ತೆಗೆದು ಮಗನ ಮುಂದೆ ಇಟ್ಟರು. ಒಡೆದ ಅರಗನ್ನು ಜೋಡಿಸಿ ಇಟ್ಟರು.

"ಮೂರನೆಯ ಕರಟಕ್ಕೆ ನಾನೇ ಕೈಯಾರೆ ಬಗ್ಗಿಸಿದ್ದು ಇದರಿಂದ ಮಗಾ. ಮುದ್ರೆ ಒಡೆದವಳೂ ನಾನೇ. ಉಂಗುರ ಯಾರ ಬೆರಳಲ್ಲಿದೆ ನೋಡು."

ಮುಕುಂದರಾಯ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

"ಮೋಸ ಮಹಾಸ್ವಾಮಿ! ಇದು ನನ್ನ ಜಾಡಿ ಅಲ್ಲ..."

"ನವಸಾಗರ ಇದೆ ಅಂತ ನಿನಗೆ ಹೇಗೆ ಗೊತ್ತಾಯಿತು? ದುಗ್ಗಕ್ಕ ಕೇಳಿದ್ದು ಯಾವ ಕರಟ ಅಂತ ಮಾತ್ರ" ಅಂದ ರಾಜ. ಕೂಡಲೇ ಸಿಪಾಯಿಗಳನ್ನು ಉಗ್ರಾಣಕ್ಕೆ ಓಡಿಸಿದ. ಇನ್ನೂ ಹತ್ತು ಜಾಡಿ ತಂದು ಸಭೆಯಲ್ಲಿ ಬಿಚ್ಚಿದರು. ಹತ್ತಕ್ಕೆ ಹತ್ತೂ ಅದೇ ಘಾಟು. "ಒಂದು ಗುಟುಕು ಕುಡಿದು ತೋರಿಸು, ನಿನ್ನನ್ನು ಬಿಟ್ಟುಬಿಡ್ತೀನಿ" ಅಂದ ರಾಜ. ಮುಕುಂದರಾಯನ ಕೈ ಮೇಲೆ ಏಳಲೇ ಇಲ್ಲ.

ದುಗ್ಗಕ್ಕ ಮುಂದೆ ಬಂದಳು. ಮೊದಲ ಕರಟ ಎತ್ತಿ ಒಂದು ಗುಟುಕು ಕುಡಿದಳು. ಎರಡನೆಯದರಲ್ಲೂ ಒಂದು ಗುಟುಕು ಕುಡಿದಳು.

"ಇದು ನನ್ನ ಮನೇದು. ಅದು ಪಕ್ಕದ ಮನೇದು. ನಮಗೆ ಓದು ಬರಹ ಬರೋದಿಲ್ಲ, ನಿಜ ಒಡೆಯಾ. ಆದರೆ ನಾವು ಇಳಿಸಿದ್ದನ್ನು ನಾವು ಕುಡಿತೀವಿ. ನಮ್ಮ ಮಕ್ಕಳ ಮದುವೇಲಿ ಬಡಿಸ್ತೀವಿ. ನಿಮ್ಮ ಮುತ್ತಜ್ಜ ಕಟ್ಟಳೆ ಮಾಡುವಾಗ ನಮ್ಮ ಅಜ್ಜಿಯ ಜಗಲಿ ಮೇಲೆ ಕೂತಿದ್ದರು. ಆವತ್ತಿಂದ ಇವತ್ತಿನವರೆಗೂ ಅದನ್ನು ನಾವು ಮುರಿದಿಲ್ಲ."

ಹುಡುಗ ರಾಜ ಸಿಂಹಾಸನದಿಂದ ಕೆಳಗಿಳಿದು ಬಂದು ನಿಂತ. ಅವನ ಮುಖ ಕೆಂಪಾಗಿತ್ತು.

"ತಪ್ಪಾಯಿತು ತಾಯಿ. ನೋಡದೆ ಒಡೆಸಿದೆ" ಅಂದ.

ಜಟ್ಟಪ್ಪನ ಕೈಯ ಹಗ್ಗ ಬಿಚ್ಚಿದರು. ಮುಕುಂದರಾಯನಿಗೆ ಅವನು ಹೇಳಿದ ಶಿಕ್ಷೆಯೇ ಆಯಿತು. ಉಗ್ರಾಣ ಹೋಯಿತು, ಕುದುರೆ ಹೋಯಿತು. ಕುಂಬಾರ ಸಂಕಯ್ಯನ ಮನೆಯಲ್ಲಿ ದಿನವೂ ಮಣ್ಣು ತುಳಿಯುವ ಕೆಲಸ ಬಂತು. ಸಂಕಯ್ಯನಿಗೆ ಕಣ್ಣು ಬರಲಿಲ್ಲ. ಆದರೆ ಕೈ ಮರೆತಿರಲಿಲ್ಲ. ಮುಕುಂದರಾಯ ತುಳಿದ ಮಣ್ಣಿನಲ್ಲೇ ಗುಡ್ಡದ ಮನೆಮನೆಗೂ ಹೊಸ ಮಡಕೆ ಮಾಡಿಕೊಟ್ಟ. ಒಂದೂ ಸೊಟ್ಟಗಿರಲಿಲ್ಲ. ಮಗಳ ಮದುವೆಯನ್ನು ಅರಮನೆಯೇ ನಿಂತು ಮಾಡಿಸಿತು.

ಆಮೇಲೆ ರಾಜ, "ಪಾರುಪತ್ಯ ಖಾಲಿ ಇದೆ. ಭಟ್ಟಿಯ ಮುಂದೆ ಕೂರದವನಿಗೆ ಇನ್ನು ಕೊಡೋದಿಲ್ಲ. ದುಗ್ಗಕ್ಕಾ, ನೀನೇ ವಹಿಸಿಕೋ" ಅಂದ. ದುಗ್ಗಕ್ಕ ಬೇಡ ಅನ್ನಲಿಲ್ಲ. ಯಾಕೆ ಅನ್ನಬೇಕು? ಕೆಂಪು ರುಮಾಲನ್ನು ತಲೆಗೆ ಸುತ್ತಿಕೊಂಡಳು. ಕುದುರೆ ಬೇಡ ಅಂದಳು. ಬರಿಗಾಲಲ್ಲಿ ಗುಡ್ಡ ಗುಡ್ಡ ತಿರುಗಿದಳು. ಹದ ಗೊತ್ತಿಲ್ಲದವರಿಗೆ ಹದ ಕಲಿಸಿದಳು, ಕದ್ದು ಮಾರುವವರನ್ನು ಹಿಡಿದಳು.

ಮರುವರ್ಷದ ಬೇಸಿಗೆ. ತಿರುಗಿ ತಿರುಗಿ ಹದಿನೈದು ದಿನದ ಮೇಲೆ ದುಗ್ಗಕ್ಕ ತನ್ನ ಮನೆಗೆ ಬಂದಳು. ಜಟ್ಟಪ್ಪ ನಗುನಗುತ್ತಾ ಅಂಗಳಕ್ಕೆ ಬಂದ. ಅಂಗಳದಲ್ಲಿ ಒಂದಲ್ಲ, ಎರಡು ಮಡಕೆ ಸಾರಾಯಿ.

"ಇದೇನು ಎರಡು?"

"ಹಣ್ಣು ಚೆನ್ನಾಗಿ ಬಿದ್ದಿತ್ತು ಕಣೇ. ಪಾರುಪತ್ಯಗಾರ್ತಿಯ ಗಂಡ ನಾನು. ನನ್ನನ್ನು ಯಾರು ಕೇಳ್ತಾರೆ?"

"ನಾನು ಕೇಳ್ತೀನಿ" ಅಂದಳು ದುಗ್ಗಕ್ಕ.

ಜಟ್ಟಪ್ಪ ಅವಳ ಮುಖ ನೋಡಿದ. ರುಮಾಲು ನೋಡಿದ. ಎರಡನೆಯ ಮಡಕೆಯನ್ನು ಎತ್ತಿಕೊಂಡು ಹೋಗಿ ಊರೆಲ್ಲ ನೋಡುವ ಹಾಗೆ ಗುಡ್ಡದ ಇಳಿಜಾರಿಗೆ ಸುರಿದ. ಕೆಳಗಿನ ಮನೆಯವರು ಬಾಗಿಲಿಗೆ ಬಂದು ನಿಂತರು. "ನೋಡಿದ್ರಾ?" ಅಂತ ಜಟ್ಟಪ್ಪ ಅಲ್ಲಿಂದಲೇ ಕೂಗಿ ಹೇಳಿದ, "ನನ್ನ ಹೆಂಡತಿ ನನ್ನನ್ನೂ ಬಿಡಲಿಲ್ಲ!" ಸೋತವನ ದನಿ ಅದಾಗಿರಲಿಲ್ಲ. ಊರಿಗೆಲ್ಲ ತಿಳಿಯಲಿ ಅನ್ನುವ ಹೆಮ್ಮೆಯ ದನಿ.

ಇದಿಷ್ಟು ಕೆಂಬರೆಯ ಕಥೆ. ಇದರ ನೀತಿಯನ್ನೂ ಬಿಡಿಸಿ ಹೇಳಿಬಿಡ್ತೀನಿ, ಕೇಳಿ. ನೀನು ಕುಡಿಯಲಾರದ್ದನ್ನು ಇನ್ನೊಬ್ಬರ ಬಾಯಿಗೆ ಹಾಕಬೇಡ. ಕಟ್ಟಳೆ ಇರೋದು ಜನರನ್ನು ಕಾಯೋದಕ್ಕೆ, ಕಸಿಯೋದಕ್ಕಲ್ಲ. ಅದನ್ನು ಕಾಯುವವರು ಮೊದಲು ತಮ್ಮ ಮನೆಯ ಅಂಗಳ ನೋಡಿಕೊಳ್ಳಬೇಕು.